ಬೀಗರಿಗೆ ಹಿಡಿದ ಬ್ಯಾಟರಿ

ನಮ್ಮೂರಿನ ಹಿಟ್ಟಿನ ಗಿರಣಿ ನನ್ನದು. ಈಗ ಮಗ ನಡೆಸುತ್ತಾನೆ, ನಾನು ಬಾಗಿಲ ಬಾಜು ಕುರ್ಚಿ ಹಾಕಿಕೊಂಡು ಕೂಡುತ್ತೇನೆ. ಕರೆಂಟು ಹೋದಾಗ ಜೋಳದ ಡಬ್ಬಿ ಮುಂದಿಟ್ಟುಕೊಂಡು ಕಾಯುವ ಗಂಡಸರಿಗೆ ಹೊತ್ತು ಕಳೆಯಲು ಏನಾದರೂ ಬೇಕು. ಬಹಳ ವರ್ಷ ಅವರ ಹೊತ್ತು ಕಳೆದದ್ದು ನನ್ನ ಆಪರೇಶನ್ನಿನ ಕಥೆಯಿಂದ. ಆ ಕಥೆಯಲ್ಲಿ ನಾನು ಒಂದು ಸಂಗತಿಯನ್ನು ಬಿಟ್ಟು ಹೇಳುತ್ತಿದ್ದೆ. ಬಿಟ್ಟಿದ್ದಕ್ಕೆ ನನ್ನ ಬೀಗರ ಜೀವಕ್ಕೇ ಸಂಚಕಾರ ಬಂದಿತ್ತು. ಬೀಗರು ಎಂದರೆ ನನ್ನ ಮಗಳ ಮಾವ. ಅವರು ಇವತ್ತು ಆರಾಮಾಗಿದ್ದಾರೆ, ಸೈಕಲ್ ಹೊಡೆಯುತ್ತಾರೆ, ನನ್ನನ್ನು ಬೈಯುತ್ತಾರೆ. ಅದಕ್ಕೇ ಇದನ್ನು ಬರೆಯುವ ಧೈರ್ಯ ಬಂದಿದೆ.

ನಡುವಯಸ್ಸು ದಾಟಿದ ಮೇಲೆ ನನಗೆ ಬೀಜದ ಚೀಲದಲ್ಲಿ ನೀರು ತುಂಬಿಕೊಳ್ಳತೊಡಗಿತು. ಹಳಬರು ಅಂಡವಾಯು ಎನ್ನುತ್ತಾರೆ, ಆಸ್ಪತ್ರೆಯವರು ಹೈಡ್ರೋಸಿಲ್ ಎನ್ನುತ್ತಾರೆ. ನೋವಿರಲಿಲ್ಲ, ನಾಚಿಕೆ ಇತ್ತು. ಔಡಲ ಎಲೆಯನ್ನು ಬಿಸಿ ಮಾಡಿ ಕಟ್ಟಿಕೊಂಡೆ. ಲಂಗೋಟಿಯನ್ನು ಬಿಗಿಯಾಗಿ ಕಟ್ಟಿದೆ. ಯಾವುದಕ್ಕೂ ಬಗ್ಗದಿದ್ದಾಗ ಪ್ಯಾಂಟು ಬಿಟ್ಟು ಧೋತರ ಉಡಲು ಶುರು ಮಾಡಿದೆ. ವಯಸ್ಸಿಗೆ ತಕ್ಕ ಹಾಗೆ ನಡೆದುಕೊಳ್ಳುತ್ತಾನೆ ಎಂದು ಊರ ಹಿರಿಯರು ಮೆಚ್ಚಿಕೊಂಡರು. ಧೋತರದ ಒಳಗೂ ಅಡಗದಷ್ಟು ದೊಡ್ಡದಾದಾಗ ಹೆಂಡತಿ ಅಕ್ಷರಶಃ ಕೈಹಿಡಿದು ಬಸ್ಸು ಹತ್ತಿಸಿದಳು.

ಹುಬ್ಬಳ್ಳಿಯ ಡಾಕ್ಟರು ಕಿಟಕಿಯ ಪರದೆ ಎಳೆದು, ದೀಪ ಆರಿಸಿ, ಸಣ್ಣ ಬ್ಯಾಟರಿಯೊಂದನ್ನು ಚೀಲಕ್ಕೆ ತಾಗಿಸಿ ಹಿಡಿದರು. ಇಡೀ ಚೀಲ ಒಳಗಿನಿಂದ ಕೆಂಪಗೆ ಹೊಳೆಯಿತು. ನಾನು ತಲೆ ಎತ್ತಿ ನೋಡಿ ಗಾಬರಿಯಾದೆ.

"ಹೆದರಬ್ಯಾಡ್ರಿ," ಎಂದರು ಡಾಕ್ಟರು. "ಬೆಳಕು ಹಾಯ್ತದ ಅಂದ್ರ ಒಳಗಿರೂದು ನೀರು. ಅಲ್ಲಿ ಹಿಂದ ಒಂದ ಕಡೆ ಕಪ್ಪಗ ಕಾಣತದಲ್ಲ, ಅದು ಬೀಜ. ಆದ್ರೂ ಸ್ಕ್ಯಾನ್ ಮಾಡಿಸ್ಕೊಂಡ ಬರ್ರಿ. ನೀರಿನ ಹಿಂದ ಬ್ಯಾರೆ ಏನರ ಅದನೋ ಇಲ್ಲೋ, ಅದನ್ನ ಬ್ಯಾಟರಿ ಹೇಳಂಗಿಲ್ಲ."

ಸ್ಕ್ಯಾನ್ ಆಯಿತು. ಬರೀ ನೀರೇ ಇತ್ತು. ಆಪರೇಶನ್ ಮುಗಿಸಿಕೊಂಡು ಊರಿಗೆ ಬಂದೆ.

ಬಂದವನು ಗಿರಣಿಯಲ್ಲಿ ಕಥೆ ಹೇಳತೊಡಗಿದೆ. ಹೆಂಗಸರು ಯಾರೂ ಇಲ್ಲದಾಗ ಮಾತ್ರ. "ಡಾಕ್ಟರು ಬ್ಯಾಟರಿ ಹಿಡದ್ರು ನೋಡ್ರಿ, ಅಗದಿ ದೀಪಾವಳಿ ಆಕಾಶಬುಟ್ಟಿ ತೂಗು ಹಾಕಿದಂಗ!" ಎಂದು ಕೈ ಮಾಡಿ ತೋರಿಸುತ್ತಿದ್ದೆ. ಕಾಯುತ್ತ ಕೂತವರು ಜೋಳದ ಡಬ್ಬಿ ಬಡಿದುಕೊಂಡು ನಗುತ್ತಿದ್ದರು.

"ಹಂಗಾರ ಕರೆಂಟ್ ಹೋದ್ರ ನಿಮ್ಮ ಮನ್ಯಾಗ ಕಂದೀಲ ಬೇಕಾಗಿಲ್ಲ ಬಿಡ್ರಿ ಕಾಕಾ," ಎಂದು ಒಬ್ಬ ಹೇಳಿದರೆ, ಇನ್ನೊಬ್ಬ, "ಈಗ ತಗಸ್ಯಾರಲ್ಲೋ, ಮತ್ತ ಕತ್ತಲೀನ," ಎನ್ನುತ್ತಿದ್ದ.

ಇಷ್ಟು ನಗು ಬಂದ ಮೇಲೆ ಸ್ಕ್ಯಾನಿನ ಪಾಳಿ ಹಚ್ಚಿದ್ದು, ಚೀಲಕ್ಕೆ ತಣ್ಣನೆಯ ಜಿಗಟು ಬಳಿದದ್ದು ಯಾರಿಗೆ ಬೇಕು? ಅದನ್ನು ಹೇಳತೊಡಗಿದರೆ ಜನ ಹೊರಗೆ ನೋಡುತ್ತಿದ್ದರು. ಮೊದಮೊದಲು ಚುಟುಕಾಗಿ ಹೇಳಿದೆ. ಆಮೇಲೆ ಬಿಟ್ಟೇಬಿಟ್ಟೆ. ನಗು ಏಳುವ ಕಡೆಗೆ ಕಥೆ ನಿಲ್ಲಿಸುವುದನ್ನು ಕಲಿತೆ.

ಇದರಿಂದ ಇನ್ನೊಂದು ಶುರುವಾಯಿತು. ಗಿರಣಿ ಬಂದ್ ಇರುವ ಮಧ್ಯಾಹ್ನದ ಹೊತ್ತಿಗೆ ಒಬ್ಬೊಬ್ಬರೇ ಗಂಡಸರು ಬರತೊಡಗಿದರು. ಹೆಂಡತಿಗೂ ಹೇಳದವರು, ಡಾಕ್ಟರ ಮುಂದೆ ಧೋತರ ಬಿಚ್ಚಲು ಒಲ್ಲದವರು. ನಾನು ಸಂತೆಯಿಂದ ಒಂದು ಬ್ಯಾಟರಿ ತಂದೆ. ಗಿರಣಿಯ ಹಿಂದೆ ಚೀಲ ಒಟ್ಟುವ ಕೋಣೆಗೆ ಕಿಟಕಿ ಇಲ್ಲ, ಬಾಗಿಲು ಹಾಕಿದರೆ ಹಾಡುಹಗಲೇ ಕತ್ತಲೆ. ಅಲ್ಲಿ ಬ್ಯಾಟರಿ ಹಿಡಿದು, ಕೆಂಪು ಕಂಡರೆ "ನೀರೈತಿ, ಹೋಗಿ ತಗಿಸ್ಕೋ" ಎಂದು ಹೇಳಿ ಕಳಿಸುತ್ತಿದ್ದೆ. ಕೆಲವರು ಹೋಗಿ ತೆಗೆಸಿಕೊಂಡರು, ಅವರಿಗೆಲ್ಲ ನೀರೇ ಇತ್ತು. ಬ್ಯಾಟರಿ ಡಾಕ್ಟರು ಎಂಬ ಹೆಸರು ಬಿತ್ತು. ಚ್ಯಾಷ್ಟೆಗೆ ಇಟ್ಟ ಹೆಸರು ಅದು. ನನಗೆ ಮಾತ್ರ ಒಳಗೊಳಗೇ ಸಕ್ಕರೆ ತಿಂದ ಹಾಗಾಗುತ್ತಿತ್ತು. ಹತ್ತನೆಯ ಇಯತ್ತೆಗೆ ಓದು ನಿಲ್ಲಿಸಿದವನನ್ನು ಚ್ಯಾಷ್ಟೆಗಾದರೂ ಡಾಕ್ಟರು ಎಂದು ಯಾರು ಕರೆಯುತ್ತಾರೆ?

ಬೀಗರ ಊರು ನಮ್ಮೂರಿಗೂ ಅಣ್ಣಿಗೇರಿಗೂ ನಡುವೆ ಇದೆ. ಎಲ್ಲಿ ಹೋದರೂ ಸೈಕಲ್ ಮೇಲೆಯೇ ಹೋಗುವವರು. ನಮ್ಮ ಕಡೆ ಬೀಗರು ಬೀಗರು ಕೂಡಿದರೆ ಒಬ್ಬರನ್ನೊಬ್ಬರು ಕಾಲೆಳೆಯದೆ ಊಟ ಜೀರ್ಣವಾಗುವುದಿಲ್ಲ. ನಮ್ಮ ಮನೆಯ ರೊಟ್ಟಿ ತಿನ್ನುತ್ತಲೇ, "ನಿಮ್ಮ ಗಿರಣಿ ಹಿಟ್ಟ ತಿಂದು ನನ್ನ ಹೊಟ್ಟ್ಯಾಗ ಬೀಸುಕಲ್ಲ ಬೆಳದೈತ್ರಿ," ಎನ್ನುವ ಮನುಷ್ಯ ಅವರು. ಒಂದು ಬೇಸಿಗೆಯ ಮಧ್ಯಾಹ್ನ ಸೈಕಲ್ ನೂಕಿಕೊಂಡು ನಡೆದು ಬಂದರು.

"ಏನ್ರಿ ಬೀಗರ, ಸೈಕಲ್ ನಿಮ್ಮನ್ನ ಹೊರೂದ ಬಿಟ್ಟು ನೀವ ಸೈಕಲ್ ಹೊರಾಕ ಹತ್ತೀರಿ?" ಎಂದೆ.

"ಅದಕ್ಕೂ ವಯಸ್ಸಾತಲ್ರಿ. ಗಾಳಿಗೆ ಒಂದೀಟ ಅಡ್ಡಾಡಿಸಿಕೊಂಡ ಬಂದೆ."

"ಪಂಕ್ಚರ್ ಆಗೇತೇನ?"

ಅವರು ಸೈಕಲ್ಲನ್ನು ಗೋಡೆಗೆ ಒರಗಿಸಿ, ನೆಲ ನೋಡುತ್ತ ಹೇಳಿದರು. "ಪಂಕ್ಚರ್ ಅಲ್ರಿ. ಗಾಳಿ ಹೆಚ್ಚಾಗೇತಿ. ಸೈಕಲ್ಲಿಗೆ ಅಲ್ಲ, ನನಗ. ಸೀಟಿನ ಮ್ಯಾಲೆ ಕುಂದ್ರಾಕ ಆಗವಲ್ದು."

ನಕ್ಕು ಅವರನ್ನು ಹಿಂದಿನ ಕೋಣೆಗೆ ಕರೆದುಕೊಂಡು ಹೋದೆ. ಚೀಲಗಳ ಮೇಲೆ ಮಲಗಿಸಿದೆ. ಮಗಳನ್ನು ಕೊಟ್ಟ ಮನೆಯ ಹಿರಿಯರನ್ನು ಆ ಸ್ಥಿತಿಯಲ್ಲಿ ನೋಡುವುದು ನನಗೂ ಸಂಕೋಚ, ತೋರಿಸುವುದು ಅವರಿಗೂ ಸಂಕೋಚ. ಅವರು ತೋಳನ್ನು ಕಣ್ಣಿಗೆ ಅಡ್ಡ ಇಟ್ಟುಕೊಂಡು ತಮಾಷೆ ಮಾಡುತ್ತಲೇ ಇದ್ದರು. "ಲಗೂ ನೋಡ್ರಿ, ಸೆಲ್ ತೀರೀತು."

ಬ್ಯಾಟರಿ ಹಿಡಿದೆ. ಕೆಂಪಗೆ ಹೊಳೆಯಿತು. ಹಿಂದೆ ಒಂದು ಕಡೆ ಕಪ್ಪು ಇತ್ತು. ಬೀಜ ಅದು ಎಂದುಕೊಂಡೆ. ಆಮೇಲೆ ಬ್ಯಾಟರಿಯನ್ನು ಸ್ವಲ್ಪ ಸರಿಸಿದಾಗ, ಮುಂದಿನ ಮಗ್ಗುಲಿಗೂ ಬೆಳಕು ಹಾಯದ ಒಂದು ಕಪ್ಪು ತುಣುಕು ಕಂಡಿತು. ನಾನು ಅದನ್ನು ನೋಡಿದೆ. ಕೈ ನಡುಗಿರಬೇಕು, ಬೆರಳಿನ ನೆರಳಿರಬೇಕು ಎಂದು ನನಗೆ ನಾನೇ ಹೇಳಿಕೊಂಡೆ. ಇನ್ನೊಮ್ಮೆ ಹಿಡಿದು ನೋಡಬಹುದಿತ್ತು. ಬ್ಯಾಟರಿ ಆರಿಸಿಬಿಟ್ಟೆ.

ಅವರು ಧೋತರ ಸರಿಪಡಿಸಿಕೊಳ್ಳುತ್ತ ಕೇಳಿದರು. "ನಿಮಗ ಆವಾಗ ಸ್ಕ್ಯಾನ್ ಗೀನ್ ಮಾಡಿದ್ರೇನ್ರಿ?"

ಅಷ್ಟು ವರ್ಷ ಊರಿಗೆಲ್ಲ ಹೇಳಿದ ಕಥೆಯಲ್ಲಿ ಸ್ಕ್ಯಾನ್ ಇರಲಿಲ್ಲ. ಅವರೂ ಆ ಕಥೆಯನ್ನು ಕೇಳಿ ನಕ್ಕವರೇ. ಹೌದು ಎಂದರೆ ನನ್ನ ಡಾಕ್ಟರಿಕೆ ಅಲ್ಲಿಗೇ ಮುಗಿಯುತ್ತಿತ್ತು.

"ಸ್ಕ್ಯಾನ್ ಯಾಕ್ರಿ? ಬ್ಯಾಟರ್‍ಯಾಗ ಕಾಣೂದಿಲ್ಲೇನು? ನೀರು."

"ಖರೇನ?"

"ಖರೇ ಅಂದ್ನೆಲ್ರಿ."

ಅವರು ದೊಡ್ಡ ಉಸಿರು ಬಿಟ್ಟರು. "ಹಂಗಾರ ಸಣ್ಣ ಹುಡುಗನ ಮದಿವಿ ಮುಗದ ಮ್ಯಾಲೆ ನೋಡೂಣು. ಈಗ ದವಾಖಾನಿ ಅಂತ ಅಡ್ಡಾಡಿದ್ರ ಹೆಣ್ಣ ಕೊಡೋರು ಏನೇನರ ತಿಳಕೋತಾರ."

"ಅದರಿಂದ ಏನೂ ಆಗಂಗಿಲ್ಲ, ಸಾವಕಾಶ ಮಾಡಿಸ್ಕೊಳ್ರಿ," ಎಂದೆ. ಚಹಾ ಕುಡಿಸಿ ಕಳಿಸಿದೆ. ಅವರು ಬಂದಾಗಿನದಕ್ಕಿಂತ ಹಗುರಾಗಿ ಸೈಕಲ್ ನೂಕಿಕೊಂಡು ಹೋದರು.

ಅವರ ಕಿರಿಯ ಮಗನ ಮದುವೆ ಚೆನ್ನಾಗಿಯೇ ಆಯಿತು. ಊಟದ ಪಂಕ್ತಿಯಲ್ಲಿ ಬೀಗರು ಕೂಡಲೇ ಇಲ್ಲ. ಸೊಂಟಕ್ಕೆ ಟವೆಲ್ ಕಟ್ಟಿಕೊಂಡು ಹುಗ್ಗಿಯ ಬಕೆಟ್ ಹಿಡಿದು ಬಡಿಸುತ್ತ ನಿಂತೇ ಇದ್ದರು. ಮನೆಯ ಹಿರಿಯ ತಾನೇ ನಿಂತು ಬಡಿಸುತ್ತಾನಲ್ಲ ಎಂದು ಬಂದವರು ಹೊಗಳಿದರು. ಪಂಕ್ತಿಯಲ್ಲಿ ಚಕ್ಕಳಮಕ್ಕಳ ಹಾಕಿ ಕೂಡುವುದು ಅವರಿಂದ ಆಗುತ್ತಿರಲಿಲ್ಲ ಎಂಬುದು ನನಗೊಬ್ಬನಿಗೇ ಗೊತ್ತಿತ್ತು. ನನ್ನ ಎಲೆಯ ಮುಂದೆ ಬಂದಾಗ, "ಇನ್ನಷ್ಟ ಹಾಕ್ತೀನ್ರಿ, ಗಿರಣಿ ಹೊಟ್ಟಿ ನಿಮ್ದು," ಎಂದರು. ನಾನು ನಕ್ಕು ಉಂಡೆ.

ಮಳೆಗಾಲ ಕಳೆಯಿತು. ಹೆಸರುಕಾಯಿ ಬಿಡಿಸಿ, ಹಿಂಗಾರಿ ಜೋಳದ ಬಿತ್ತನೆಗೆ ಎರೆ ಭೂಮಿ ಹದವಾಗಿದ್ದ ದಿನಗಳು. ಮಗಳ ಫೋನ್ ಬಂತು.

"ಅಪ್ಪಾ, ಮಾವಾರು ಹೊಲಕ್ಕ ಹೋಗವಲ್ರು. ಕಾಲ ಚಾಚಿಕೊಂಡ ಕುಂತ ಬಿಡ್ತಾರ. ದವಾಖಾನಿಗೆ ಹೋಗ್ರಿ ಅಂತ ಅತ್ತಿಯಾರು ಬಡಕೊಳ್ಳಾಕ ಹತ್ಯಾರ, ಬೀಗರು ನೋಡಿ ನೀರು ಅಂದಾರ ಅಂತ ಹೇಳಿ ಅವರ ಬಾಯಿ ಮುಚ್ಚಸ್ತಾರ. ನೀ ಏನ ನೋಡಿದಿ, ಅಪ್ಪಾ?"

"ನಾಳೆ ಮುಂಜಾನೆ ಬರ್ತೇನಿ ಯವ್ವಾ, ತಯಾರ ಇರ್ರಿ ಅಂತ ಹೇಳು," ಎಂದೆ.

ಮರುದಿನ ಮೂವರೂ ಹುಬ್ಬಳ್ಳಿಗೆ ಹೋದೆವು, ಬೀಗರು, ಬೀಗತಿ, ನಾನು. ಆಸ್ಪತ್ರೆಯ ಡಾಕ್ಟರು ವಯಸ್ಸಿನಲ್ಲಿ ಸಣ್ಣವರು. ಅವರು ಕೈಯಿಂದ ಮುಟ್ಟಿ ನೋಡಿ, ಸ್ಕ್ಯಾನಿಗೆ ಕಳಿಸಿದರು. ಅದರ ರಿಪೋರ್ಟ್ ಬಂದ ಮೇಲೆ ನಮ್ಮನ್ನು ಒಳಗೆ ಕರೆದರು. ಬೀಗತಿ ಹೊರಗೆ ಬಾಗಿಲಲ್ಲೇ ಕೂತರು.

"ನೀರದ. ಆದ್ರ ನೀರಿನ ಚೀಲದ ಒಳಮೈ ದಪ್ಪಾಗೇದ, ಸಣ್ಣ ಸಣ್ಣ ಗಂಟಿನಂಗ ಕಾಣಸ್ತಾವ. ಇದನ್ನ ಬಿಡೂ ಹಂಗಿಲ್ಲ," ಎಂದರು ಡಾಕ್ಟರು. "ಎಷ್ಟ ದಿನದಿಂದ ಅದ? ಮೊದಲ ಯಾರಿಗೆರ ತೋರಿಸಿದ್ರೇನು?"

ಬೀಗರು ನನ್ನ ಕಡೆ ತಿರುಗಲೂ ಇಲ್ಲ. "ಇಲ್ರಿ ಸಾಹೇಬ್ರ. ಯಾರಿಗೂ ತೋರಿಸಿಲ್ಲ. ನಾನ ಸುಮ್ನ ಬಿಟ್ಟಿದ್ದೆ."

"ಹಿಂಗ್ಯಾಕ ಮಾಡಿದ್ರಿ? ವಯಸ್ಸಾದವರಾಗಿ ಇಷ್ಟ ತಿಳೀಬಾರ್ದೇನು?" ಎಂದು ಡಾಕ್ಟರು ಬೈದರು. ನನಗೆ ಬರಬೇಕಾದ ಬೈಗಳನ್ನು ಬೀಗರು ತಲೆ ಬಗ್ಗಿಸಿ ಕೇಳಿಸಿಕೊಂಡರು. ನಾನು ಗೋಡೆಯ ಮೇಲಿನ ಕ್ಯಾಲೆಂಡರ್ ನೋಡುತ್ತ ನಿಂತಿದ್ದೆ. ಗಿರಣಿಯ ಕೋಣೆಯಲ್ಲಿ ಸುಳ್ಳು ಹೇಳಿದ್ದಕ್ಕೆ ನನ್ನ ಹತ್ತಿರ ಏನಾದರೂ ನೆಪ ಇದ್ದೀತು. ಆ ಹೊತ್ತು ಬಾಯಿ ಮುಚ್ಚಿಕೊಂಡು ನಿಂತಿದ್ದಕ್ಕೆ ಯಾವ ನೆಪವೂ ಇಲ್ಲ.

ತೊಡೆಸಂದಿಯ ಮೇಲ್ಗಡೆ ಕೊಯ್ದು, ಆ ಮಗ್ಗುಲಿನ ಬೀಜವನ್ನೂ ನೀರಿನ ಚೀಲವನ್ನೂ ಕೂಡಿಯೇ ತೆಗೆದರು. ತೆಗೆದದ್ದನ್ನು ಪರೀಕ್ಷೆಗೆ ಕಳಿಸಿದರು. ರಿಪೋರ್ಟ್ ಬಂದ ದಿನ ಡಾಕ್ಟರು ನಿಧಾನವಾಗಿ ಬಿಡಿಸಿ ಹೇಳಿದರು. ಬೀಜವನ್ನು ಸುತ್ತಿಕೊಂಡ ಪದರಿಗೆ ಕ್ಯಾನ್ಸರ್ ಹತ್ತಿತ್ತು, ಅದೇ ನೀರನ್ನು ಉಕ್ಕಿಸುತ್ತಿತ್ತು. ಇಂಥದ್ದು ಬಹಳ ಅಪರೂಪ, ಹೊರಗಿನಿಂದ ನೋಡಿದರೆ ಥೇಟ್ ಸಾದಾ ಹೈಡ್ರೋಸಿಲ್‌ನ ಹಾಗೇ ಕಾಣುತ್ತದೆ. ಅವರ ಹಿರಿಯ ಡಾಕ್ಟರುಗಳೂ ಇಂಥದ್ದನ್ನು ನೋಡಿದ್ದು ಕಡಿಮೆಯಂತೆ.

ನಾನು ಒಬ್ಬನೇ ಹಿಂದೆ ಉಳಿದು ಕೇಳಿದೆ. "ಬ್ಯಾಸಗ್ಯಾಗ ಸ್ಕ್ಯಾನ್ ಮಾಡಿಸಿದ್ರ ಕಾಣತಿತ್ತೇನ್ರಿ?"

"ಕಾಣತಿತ್ತೇನೋ, ಇಲ್ಲೇನೋ. ಅದನ್ನ ಈಗ ಹೆಂಗ ಹೇಳೂದು? ಹೊಟ್ಟಿಯೊಳಗ ಹರಡಿಲ್ಲ, ಅದು ನಿಮ್ಮ ಪುಣ್ಯ. ಆದ್ರ ತಪ್ಪದ ಸ್ಕ್ಯಾನ್ ಮಾಡಿಸ್ಕೋತ ಇರಬೇಕ್ರಿ."

ಕಾಣತಿತ್ತೇನೋ, ಇಲ್ಲೇನೋ. ಮನಸ್ಸಿಗೆ ಸಮಾಧಾನ ಬೇಕಾದಾಗ ಆ ಮಾತಿನ ಎರಡನೆಯ ತುಂಡನ್ನು ಹಿಡಿದುಕೊಳ್ಳಲು ಆಸೆಯಾಗುತ್ತದೆ. ಸ್ಕ್ಯಾನಿಗೆ ಕಂಡಿರದಿದ್ದರೂ ನನ್ನ ಕಣ್ಣಿಗೆ ಆ ಕಪ್ಪು ತುಣುಕು ಕಂಡಿತ್ತಲ್ಲ ಎಂದು ನೆನಪಾಗಿ ಕೈಬಿಡುತ್ತೇನೆ.

ಬೀಗರು ಮೆಲ್ಲಗೆ ಚೇತರಿಸಿಕೊಂಡರು. ಹೊಟ್ಟೆಯ ಸ್ಕ್ಯಾನುಗಳು ಒಂದರ ಹಿಂದೊಂದು ಚೊಕ್ಕ ಬಂದವು. ಸೈಕಲ್ ಹತ್ತಿದ ಮೊದಲ ದಿನ ಸೀದಾ ಗಿರಣಿಗೇ ಬಂದು, ಬೆಲ್ ಬಾರಿಸಿ, ಇಳಿಯದೆ ತಿರುಗಿ ಹೋದರು. ಜಂಬ ತೋರಿಸಲು ಬಂದಿದ್ದರು. ನಾನು ಒಳಗೆ ಹೋಗಿ ಹಿಟ್ಟಿನ ಧೂಳಿಗೆ ಕಣ್ಣು ಒರೆಸಿಕೊಂಡೆ.

ಅದರ ಮುಂದಿನ ಚಳಿಗಾಲಕ್ಕೆ ಸೀತನಿ ತಿನ್ನಲು ಅವರ ಹೊಲಕ್ಕೆ ಕರೆದರು. ಹಾಲುಗಾಳಿನ ಜೋಳದ ತೆನೆಗಳನ್ನು ಕೆಂಡದಲ್ಲಿ ಸುಟ್ಟು, ಅಂಗೈಯಲ್ಲಿ ತಿಕ್ಕಿ, ಬಿಸಿಬಿಸಿ ಕಾಳನ್ನು ಬೆಲ್ಲ, ಶೇಂಗಾ ಚಟ್ನಿಪುಡಿಯ ಜೊತೆ ತಿನ್ನುವುದು. ನಾವಿಬ್ಬರೇ ಇದ್ದೆವು. ನಾನು ತಿಕ್ಕುವುದನ್ನು ನಿಲ್ಲಿಸಿ ಹೇಳಿದೆ. ನನಗೆ ಸ್ಕ್ಯಾನ್ ಮಾಡಿದ್ದರು ಎಂದು ಹೇಳಿದೆ. ಕಪ್ಪು ಎರಡು ಕಡೆ ಕಂಡಿತ್ತು ಎಂದೂ ಹೇಳಿದೆ.

ಅವರು ಕೈಯೊಳಗಿನ ತೆನೆಯನ್ನು ತಿಕ್ಕುತ್ತಲೇ ಇದ್ದರು. ಹೊಟ್ಟನ್ನು ಊದಿ ಹಾರಿಸಿದರು.

"ಎರಡ ಕಡೆ?"

"ಹೌದ್ರಿ."

"ನೋಡಿ ಸುಮ್ನ ಕುಂತ್ರಿ?"

"ಹೌದ್ರಿ."

ಅವರು ಕೆಂಡದಿಂದ ಇನ್ನೊಂದು ತೆನೆ ತೆಗೆದುಕೊಂಡರು. ಆಮೇಲೆ ಅವರು ಹೇಳಿದರು. "ಅಣ್ಣಿಗೇರಿ ದವಾಖಾನಿ ನನಗ ನಿಮ್ಮೂರಕಿಂತ ಸಮೀಪ ಐತ್ರಿ. ಅದನ್ನ ಬಿಟ್ಟು ಬಿಸಲಾಗ ಸೈಕಲ್ ನೂಕ್ಕೋತ ನಿಮ್ಮ ಕಡೆ ಯಾಕ ಬಂದೆ? ನೀವು ನೀರು ಅಂತೀರಿ ಅಂತ. ಬ್ಯಾರೆ ಏನರ ಅಂದಿದ್ರ ನಿಮ್ಮ ಜೋಡಿ ಜಗಳಾ ಮಾಡಿ ಎದ್ದ ಹೋಗ್ತಿದ್ದೆ. ನನ್ನ ಪಾಲೂ ಇದರಾಗ ಐತಿ."

"ಅದು ನಿಮ್ಮ ದೊಡ್ಡ ಮನಸ್ಸು. ನನ್ನ ಪಾಲು ನಂದ," ಎಂದೆ.

"ನಂದೇನೂ ದೊಡ್ಡ ಮನಸ್ಸಲ್ಲ. ಸಿಟ್ಟು ಬಂದೈತಿ. ತೆನಿ ಬಿಸಿ ಐತಿ, ಅದಕ್ಕ ಒಗದಿಲ್ಲ ನಿಮ್ಮ ಮ್ಯಾಲೆ." ಆಮೇಲೆ ನನ್ನ ಮುಖ ನೋಡಿದರು. "ನನಗ ಹೇಳಿದ್ರ ಮುಗೀಲಿಲ್ರಿ. ಮನ್ಯಾಗಿನಾಕಿಗೆ ನೀವ ಹೇಳ್ರಿ. ಆಪರೇಶನ್ ದಿನಾ ದವಾಖಾನಿ ಬಾಗಲ್ದಾಗ ಕುಂತಾಕಿ ಆಕಿ."

ಹೊಲದಿಂದ ಮನೆಗೆ ಬಂದಾಗ ಬೀಗತಿ ಒಲೆಯ ಮುಂದೆ ರೊಟ್ಟಿ ಬಡಿಯುತ್ತಿದ್ದರು. ಅಡುಗೆಮನೆಯ ಹೊಸ್ತಿಲ ಹೊರಗೆ ನಿಂತುಕೊಂಡು ಎಲ್ಲ ಹೇಳಿದೆ. ನನ್ನ ಮಗಳು ಪಲ್ಯ ಹೆಚ್ಚುತ್ತ ಅಲ್ಲೇ ಇದ್ದಳು. ಅವಳ ಮುಂದೆ ಹೇಳುವುದು ಇನ್ನೂ ಕಷ್ಟವಾಯಿತು. ಬೀಗತಿ ಹಂಚಿನ ಮೇಲಿನ ರೊಟ್ಟಿಯನ್ನು ಹೊತ್ತಲು ಬಿಟ್ಟು ಕೇಳಿದರು.

"ನಿಮ್ಮ ಮಗಳನ್ನ ನಾವು ಹೆಂಗ ನೋಡ್ಕೊಂಡೇವ್ರಿ?"

"ಮಗಳಂಗ ನೋಡ್ಕೊಂಡೀರಿ."

"ನೀವು ನಮ್ಮವರನ್ನ ಹೆಂಗ ನೋಡಿದ್ರಿ?"

ಆ ಮನೆಯಲ್ಲಿ ನನಗೆ ಯಾವಾಗಲೂ ಬೀಗತಿಯೇ ಬಡಿಸುವುದು. ಆ ದಿನ ಅವರು ಮಗಳಿಗೆ ಸನ್ನೆ ಮಾಡಿ ಒಳಗೆ ಹೋದರು. ಮಗಳು ತಾಟಿನಲ್ಲಿ ರೊಟ್ಟಿ ಇಟ್ಟು, "ಉಣ್ಣು ಅಪ್ಪಾ," ಎಂದಳು. ಅವಳ ದನಿ ಬಿರುಸಾಗಿತ್ತು. ನಾನು ಉಂಡೆ. ಬೀಗರ ಮನೆಯಲ್ಲಿ ಉಣ್ಣದೆ ಎದ್ದರೆ ಇನ್ನೊಂದು ಅಪಮಾನ.

ನಾನು ಹೊರಡುವಾಗ ಬೀಗತಿ ಅಂಗಳಕ್ಕೆ ಬಂದರು. "ಮುಂದಿನ ಸ್ಕ್ಯಾನಿಗೆ ನೀವ ಕರಕೊಂಡ ಹೋಗ್ರಿ. ಬಾಗಲ್ದಾಗ ಕುಂತ ನೋಡ್ರಿ, ಹೆಂಗ ಇರತೈತಿ ಅಂತ."

ಅಂದಿನಿಂದ ನಾನೇ ಹೋಗುತ್ತಿದ್ದೇನೆ. ಆ ಬ್ಯಾಟರಿಯನ್ನು ಮಗ ದನದ ಕೊಟ್ಟಿಗೆಗೆ ಒಯ್ದ. ಗಿರಣಿಯಲ್ಲಿ ಈಗಲೂ ಕರೆಂಟು ಹೋಗುತ್ತದೆ, ಈಗಲೂ ಕಥೆ ಕೇಳುತ್ತಾರೆ. ಸ್ಕ್ಯಾನನ್ನು ಸೇರಿಸಿ, ಬೀಗರ ಸಂಗತಿಯನ್ನೂ ಸೇರಿಸಿ ಹೇಳುತ್ತೇನೆ. ಅದಕ್ಕೆ ಬೀಗರದೇ ಪರವಾನಗಿ ಇದೆ. "ಹೇಳ್ರಿ, ಆದ್ರ ನನ್ನನ್ನ ಕಥಿಯೊಳಗ ಒಂದೀಟ ಚಂದ ತೋರಿಸ್ರಿ," ಎಂದಿದ್ದಾರೆ. ಕಥೆ ಉದ್ದವಾಗಿದೆ, ಮೊದಲಿನ ನಗು ಇಲ್ಲ. ಕೆಲವರು ಆಕಳಿಸುತ್ತಾರೆ. ಹಿಂದಿನ ಕೋಣೆಗೆ ಬರಲು ಯಾರಾದರೂ ಕಣ್ಸನ್ನೆ ಮಾಡಿದರೆ, ಜೊತೆಗೆ ಬಸ್ಸು ಹತ್ತುತ್ತೇನೆ ಎಂದು ಹೇಳುತ್ತೇನೆ. ಕೆಲವರು ಬಂದಿದ್ದಾರೆ. ಬಸ್ಸಿನ ದಾರಿಯುದ್ದಕ್ಕೂ ಅವರು ಕಿಟಕಿಯ ಹೊರಗೆ ನೋಡುತ್ತಾರೆ, ನಾನೂ ನೋಡುತ್ತೇನೆ.

ಹೋದ ವಾರ ಬೀಗರ ಸ್ಕ್ಯಾನ್ ಇತ್ತು. ಖಾಲಿ ಹೊಟ್ಟೆಯಲ್ಲಿ ಬರಬೇಕು ಎಂದಿದ್ದರು, ಅವರು ದಾರಿಯುದ್ದಕ್ಕೂ ಊಟದ ಮಾತೇ ಆಡಿದರು. ಅವರು ಒಳಗೆ ಹೋದ ಮೇಲೆ ನಾನು ಬಾಗಿಲಲ್ಲಿ ಕೂತೆ. ಪ್ರತಿ ಸಲವೂ ಆ ಬಾಗಿಲು ತೆರೆದಾಗ ನಾನು ಅರ್ಧ ಎದ್ದು ಮತ್ತೆ ಕೂಡುತ್ತೇನೆ. ಬೀಗತಿ ನೋಡ್ರಿ ಎಂದಿದ್ದು ಇದನ್ನೇ. ಕಾದು, ಕಾದು, ಕೊನೆಗೆ ಡಾಕ್ಟರು ಕರೆದು, "ಏನೂ ಇಲ್ರಿ, ಚೊಕ್ಕದ," ಎಂದರು. ಹೊರಗೆ ಬಂದು ಬೀಗತಿಗೆ ಫೋನ್ ಹಚ್ಚಿದೆ.

"ಏನೂ ಇಲ್ಲಂತ್ರಿ," ಎಂದೆ.

"ಇದನ್ನ ಡಾಕ್ಟರು ಹೇಳ್ಯಾರೋ, ನೀವ ನೋಡಿ ಹೇಳಾಕ ಹತ್ತೀರೋ?"

"ಡಾಕ್ಟರು ಹೇಳ್ಯಾರ್ರಿ."

ಅತ್ತ ಕಡೆಯಿಂದ ನಗು ಕೇಳಿಸಿತು. ಬೀಗರು ನನ್ನ ಕೈಯಿಂದ ಫೋನ್ ಕಸಿದುಕೊಂಡು, "ಬೀಗರನ್ನ ಆಮ್ಯಾಲೆ ವಿಚಾರಿಸ್ಕೋ, ನನಗ ಹೊಟ್ಟಿ ಹಸದೈತಿ," ಎಂದು ಹೇಳುತ್ತ, ಎದುರಿನ ಖಾನಾವಳಿಯ ಕಡೆಗೆ ರಸ್ತೆ ದಾಟತೊಡಗಿದರು.